ಬದುವಿನ ಮೇಲೆ ಚೆಲ್ಲಿದ ಕಾಳು

ಆ ಊರಿನ ಬೇಲಿಗಳನ್ನು ಕಡಿಸಿದವನು ನಾನೇ. ಹಿರೇನಲ್ಲೂರಿನಲ್ಲಿ ಬಸ್ಸಿಳಿದು ಮೂರು ಮೈಲಿ ನಡೆದರೆ ಸಿಗುವ ಊರು. ರಾಗಿ, ಜೋಳ, ಅವರೆ, ಹುರುಳಿ, ಎಲ್ಲವೂ ಮಳೆಯನ್ನೇ ನಂಬಿದ ಬೇಸಾಯ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕಡೂರಿನಲ್ಲಿ ರೂಮು ಮಾಡಿಕೊಂಡು, ಆ ಸುತ್ತಿನ ಹಳ್ಳಿಗಳಿಗೆ ಗ್ರಾಮಸೇವಕನಾಗಿ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ತಿರುಗುತ್ತಿದ್ದೆ. ‘ಬದುವಿನ ಮೇಲಿನ ಗಿಡಗಂಟಿ ಹುಳುಹುಪ್ಪಟೆಯ ತವರುಮನೆ, ಕಡಿದು ಸುಟ್ಟುಬಿಡಿ’ ಎಂಬ ಕರಪತ್ರ ಮೇಲಿನಿಂದ ಬಂದಿತ್ತು. ಅದನ್ನು ಗಟ್ಟಿಯಾಗಿ ಓದಿ, ಸಾಲದೆಂದು ಅರ್ಧ ಗಂಟೆ ಭಾಷಣವನ್ನೂ ಮಾಡಿದ್ದೆ. ಜನ ನನ್ನ ಮಾತು ಕೇಳಿದರು. ಒಂದೇ ಬೇಸಿಗೆಯಲ್ಲಿ ಕಾರೆ, ಬಂದರಿಕೆಯ ಪೊದೆಗಳು ಒಲೆಗೆ ಹೋದವು. ಕತ್ತಾಳೆ, ಕಳ್ಳಿಗಳನ್ನು ಕಿತ್ತು ಹಳ್ಳಕ್ಕೆ ಎಸೆದರು. ಬದುಗಳು ಬೋಳಾದವು. ನಾನು ಡೈರಿಯಲ್ಲಿ ‘ಉತ್ತಮ ಪ್ರಗತಿ’ ಎಂದು ಬರೆದುಕೊಂಡೆ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ದೊಡ್ಡಮ್ಮ ನನ್ನನ್ನು ಹೊಲದ ಬಳಿ ತಡೆದು ನಿಲ್ಲಿಸಿದರು. ಊರೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿತ್ತು. ಗಂಡ ತೀರಿಹೋದ ಮೇಲೆ ಹದಿನಾಲ್ಕು ಎಕರೆಯನ್ನು ತಾವೇ ನಿಂತು ಮಾಡಿಸುತ್ತಿದ್ದ, ಕೊರಳಲ್ಲಿ ಲಿಂಗ ಕಟ್ಟಿದ, ಐವತ್ತು ದಾಟಿದ ಹೆಂಗಸು.

“ಬಾರಪ್ಪ ಗ್ರಾಮಸೇವಕ, ಇಲ್ಲಿ ಬಂದು ನೋಡು” ಎಂದು ಅವರೆ ಸಾಲಿನೊಳಗೆ ಕರೆದೊಯ್ದರು. ಎಲೆಯೆಲ್ಲ ಕಂಬಳಿಹುಳ. ಪಕ್ಕದ ರಾಗಿ ತಾಕಿನಲ್ಲಿ ಗೆದ್ದಲು ಬುಡ ಕಡಿದು ಪೈರು ಅಲ್ಲಲ್ಲೇ ಒರಗಿತ್ತು.

“ನಮ್ಮತ್ತೆ ಕಾಲ್ದಲ್ಲಿ ಈ ಬೇಲಿ ತುಂಬ ಗೌಜಲಕ್ಕಿ ಇದ್ವು. ಹೊತ್ತು ಮೂಡೋ ಹೊತ್ಗೆ ಇಳಿದು ಗೆದ್ಲು ಕೆದಕಿ ಕೆದಕಿ ತಿಂತಿದ್ವು. ಬೇಲಿ ಹೋಯ್ತು, ಹಕ್ಕಿ ಹೋಯ್ತು. ಈಗ ಹಕ್ಕಿ ತರ್ಸೋ ಔಷಧಿ ಏನಾದ್ರೂ ಐತಾ ನಿನ್ನ ಪುಸ್ತಕದಲ್ಲಿ?”

ನನಗೆ ಸಿಟ್ಟು ಬಂತು. ಆಕೆ ಹೇಳಿದ್ದು ನಿಜವಾಗಿತ್ತು, ಸಿಟ್ಟಿಗೆ ಅದೇ ಕಾರಣ. ಗೌಜಲಕ್ಕಿ ಕೋಳಿಗಿಂತ ಚಿಕ್ಕದು, ಬೂದು ಮೈಯ, ನೆಲದ ಮೇಲೇ ಬಾಳುವ, ಜನ ಬೇಟೆಯಾಡುವ ಹಕ್ಕಿ. ಹೆಸರಿಗೆ ತಕ್ಕಂತೆ ಬೆಳಗಿನ ಜಾವ ಊರನ್ನೇ ಎಬ್ಬಿಸುವಷ್ಟು ಗೌಜು ಮಾಡುತ್ತದೆ. ಆ ಗೌಜು ನಿಂತು ಎರಡು ವರ್ಷವಾಗಿದ್ದರೂ ನನ್ನ ಕಿವಿಗೆ ಅದು ತಿಳಿದೇ ಇರಲಿಲ್ಲ.

ಹಕ್ಕಿಯನ್ನು ಮರಳಿ ತರುವುದು ಹೇಗೆಂದು ನನಗೆ ಹೇಳಿಕೊಟ್ಟವನು ಅದನ್ನು ಹಿಡಿದು ಮಾರುತ್ತಿದ್ದವನು. ಪ್ರತಿ ವರ್ಷ ಕಾರ್ತಿಕದಲ್ಲಿ ಹೆಗಲ ಮೇಲೆ ಪಂಜರ ಹೊತ್ತು ಬರುತ್ತಿದ್ದ ಬಲೆಗಾರ. ಪಂಜರದೊಳಗೆ ಪಳಗಿಸಿದ ಒಂದು ಗಂಡು ಹಕ್ಕಿ. ಅದು ಕೂಗಿದರೆ ಆ ಜಾಗದ ಕಾಡುಹಕ್ಕಿ ಜಗಳಕ್ಕೆ ಬಂದು ಬಲೆಗೆ ಬೀಳುತ್ತಿತ್ತು. ಆ ವರ್ಷ ಒಂದೂ ಬೀಳದೆ ಬರಿಗೈಯಲ್ಲಿ ಕೂತಿದ್ದವನನ್ನು ದೊಡ್ಡಮ್ಮನೇ ಕರೆಸಿದರು.

“ಸ್ವಾಮಿ, ಬೇಲಿ ಒಂದಿದ್ರೆ ಸಾಲ್ದು” ಎಂದ ಆತ. “ರಾತ್ರಿ ಕೂರಾಕೆ ಮುಳ್ಳು ಬೇಕು. ಮೊಟ್ಟೆ ಇಡಾಕೆ ಮೊಣಕಾಲುದ್ದ ಹುಲ್ಲು ಬೇಕು. ಧೂಳು ಮೀಯಾಕೆ ಪಕ್ಕದಲ್ಲೇ ಬರೀ ನೆಲ ಬೇಕು. ಮರೀಗೆ ಕಾಳು ಅರಗಾಕಿಲ್ಲ, ಗೆದ್ಲೇ ಬೇಕು. ನಾಕೂ ಒಂದೇ ಕಡೆ ಸಿಗ್ಬೇಕು. ಮರಿ ಎಷ್ಟು ದೂರ ಅಂತ ನಡೆದಾತು?”

ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ.

ಎಂಟು ಮನೆಯವರು ಒಪ್ಪಿದರು. ಬದುವಿನ ಎರಡೂ ಮಗ್ಗುಲಿಗೆ ಒಂದೊಂದು ಮಾರು ನೆಲವನ್ನು ಉಳದೆ ಬಿಡುವುದು; ಅದರಲ್ಲಿ ಹುಲ್ಲು ಬೆಳೆಸಿ ದೀಪಾವಳಿಯವರೆಗೆ ಕೊಯ್ಯದಿರುವುದು; ಕುರಿ ಬಿಡದಿರುವುದು, ಬೆಂಕಿ ಇಡದಿರುವುದು. ಬಲೆಗಾರ ಸಂಕ್ರಾಂತಿಯಿಂದ ಮಳೆಗಾಲ ಮುಗಿಯುವವರೆಗೆ ಅಲ್ಲಿ ಬಲೆ ಬಿಚ್ಚುವಂತಿಲ್ಲ, ಬೇರೆಯವರು ಬಂದರೆ ಓಡಿಸಬೇಕು. ಬದಲಿಗೆ, ಹಕ್ಕಿ ಹೆಚ್ಚಿದ ಮೇಲೆ ಕಾರ್ತಿಕದಲ್ಲಿ ಊರು ಹೇಳಿದಷ್ಟನ್ನು ಮಾತ್ರ ಹಿಡಿಯಬಹುದು. ಕಾನೂನು ಏನನ್ನುತ್ತದೆಂದು ನಾನು ವಿಚಾರಿಸಲು ಹೋಗಲಿಲ್ಲ, ಅದನ್ನೂ ಇಲ್ಲಿ ಹೇಳಿಬಿಡಬೇಕು. ಮಾಂಸ ಮುಟ್ಟದ ದೊಡ್ಡಮ್ಮ ಇದಕ್ಕೆ ಹೇಗೆ ಒಪ್ಪುತ್ತಾರೆಂದು ನಾನು ಅಳುಕುತ್ತಿದ್ದೆ.

“ನಾವು ತಿನ್ನಲ್ಲ ಕಣಪ್ಪ. ಹಂಗಂತ ತಿನ್ನೋರ ಹೊಟ್ಟೆ ಮೇಲೆ ಹೊಡೆಯೋಕಾಗುತ್ತಾ? ಅವ್ನೂ ಬದುಕ್ಬೇಕು, ಹಕ್ಕೀನೂ ಬದುಕ್ಬೇಕು. ಹಕ್ಕಿ ಇಲ್ದಿದ್ರೆ ಅವನೆಲ್ಲಿ?” ಎಂದುಬಿಟ್ಟರು.

ಅಜ್ಜಂಪುರದ ಕಡೆಯ ಹುಲ್ಲುಗಾವಲಿನಿಂದ ಮೂರು ಮೂಟೆ ಹುಲ್ಲಿನ ಬೀಜವನ್ನು ಬಸ್ಸಿನ ಟಾಪ್ ಮೇಲೆ ಹಾಕಿಸಿ ತಂದೆ. ಬೀಜ ಹತ್ತಿಯಂತೆ ಹಗುರ. ಗಾಳಿಗೆ ಹಾರದಂತೆ ಒದ್ದೆ ಮಣ್ಣು, ಸಗಣಿಯಲ್ಲಿ ಕಲೆಸಿ ಉಂಡೆ ಮಾಡಿ ಬಿತ್ತಿದೆವು. ಹಳ್ಳಕ್ಕೆ ಎಸೆದಿದ್ದ ಕತ್ತಾಳೆ ಅಲ್ಲೇ ಬೇರೂರಿ ಮರಿ ಹಾಕಿತ್ತು. ಅದನ್ನೇ ಹೊತ್ತು ತಂದು ಮತ್ತೆ ನೆಟ್ಟೆವು. ಕಾರೆ ಮಾತ್ರ ಬೇಗ ಏಳಲಿಲ್ಲ. ಮೊದಲ ಬೇಸಿಗೆಯಲ್ಲಿ ಒಪ್ಪಂದದ ಹೊರಗಿನ ಒಬ್ಬ ರೈತ ವಾಡಿಕೆಯಂತೆ ತನ್ನ ಬದುವಿಗೆ ಬೆಂಕಿ ಇಟ್ಟ. ಗಾಳಿ ತಿರುಗಿ ಮೂರು ಹೊಲದ ಹುಲ್ಲು ಬೂದಿಯಾಯಿತು. ಬೂದಿಯಲ್ಲಿ ಸುಟ್ಟ ಏಳು ಮೊಟ್ಟೆ ಸಿಕ್ಕವು. ನಾನು ಅವನ ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ, ಮುಂದಿನ ಮಳೆಗೆ ತಾನೇ ಬಂದು ಒಂಬತ್ತನೆಯವನಾಗಿ ಸೇರಿದ. ಅವನಿಗೆ ಬೈದ ಆ ಬೈಗುಳಗಳು ಆಮೇಲೆ ನನಗೇ ಹಿಂತಿರುಗಿ ಬಂದವು.

ಹಕ್ಕಿಗಳ ಎಣಿಕೆಗೆ ಬಲೆಗಾರನ ಪಂಜರವೇ ನಮ್ಮ ಸಾಧನ. ಯುಗಾದಿಯ ಆಸುಪಾಸಿನಲ್ಲಿ ಬೆಳಗಿನ ಜಾವ ಬದುವಿನ ಮೇಲೆ ಪಂಜರ ಇಟ್ಟು ದೂರ ಕೂರುವುದು. ಒಳಗಿನ ಹಕ್ಕಿ ಕೂಗಿದಾಗ ಎಷ್ಟು ದಿಕ್ಕಿನಿಂದ ಉತ್ತರ ಬರುತ್ತದೋ ಅಷ್ಟು ಗಂಡು, ಅಷ್ಟು ಜೋಡಿ. ಮೊದಲ ವರ್ಷ ಎರಡು ಉತ್ತರ. ಎರಡನೆಯ ವರ್ಷ ಐದು. ಮೂರನೆಯ ವರ್ಷ ಹನ್ನೊಂದು. ಆ ಹನ್ನೊಂದನೆಯದು ಊರ ಬಾವಿಯ ಹಿಂದಿನಿಂದಲೇ ಕೂಗಿದಾಗ ಬಲೆಗಾರ ನನ್ನ ತೋಳು ಹಿಡಿದು, “ಊರೊಳಗೇ ಬಂದ್ಬಿಟ್ಟ ಕಳ್ಳ!” ಎಂದು ನಕ್ಕ. ಅದರ ಹಿಂದಿನ ಚಳಿಗಾಲದಲ್ಲಿ ಅವರೆಗೆ ಹುಳ ಬಿದ್ದರೂ ಹೊಲ ಬೋಳಾಗಿರಲಿಲ್ಲ.

ಅದೇ ಬೇಸಿಗೆಯಲ್ಲಿ ಇಲಿ ನಿರ್ಮೂಲನದ ಕಾರ್ಯಕ್ರಮ ಬಂತು.

ಇಲಿಗೆ ವಿಷ ಇಡುವುದಕ್ಕೆ ಒಂದು ಕ್ರಮವಿದೆ, ಆ ಕ್ರಮ ಒಳ್ಳೆಯದೇ. ಮೊದಲ ದಿನ ಹೊಲದ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಮರುದಿನ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಇಲಿ ಇದೆ ಎಂದರ್ಥ. ಅಂಥ ಬಿಲಕ್ಕೆ ಒಂದೆರಡು ದಿನ ಬರೀ ಕಾಳು ಇಟ್ಟು ರುಚಿ ಹತ್ತಿಸಬೇಕು. ಆಮೇಲೆ ಪಾಷಾಣ ಬೆರೆಸಿದ ಕಾಳನ್ನು ಕಾಗದದ ಪೊಟ್ಟಣ ಕಟ್ಟಿ, ಕೋಲಿನಿಂದ ಬಿಲದ ಆಳಕ್ಕೆ ತಳ್ಳಿ, ಬಾಯಿ ಮುಚ್ಚಬೇಕು. ಒಂದು ಕಾಳೂ ಹೊರಗೆ ಬೀಳಬಾರದು. ಒಂದು ಊರಿಗೆ ವಾರವಾದರೂ ಬೇಕು.

ವಿಷದ ಕಾಳು ತಡವಾಗಿ ಬಂತು. ತಿಂಗಳ ಕೊನೆಯೊಳಗೆ ದಾಸ್ತಾನು ಖಾಲಿಯಾಗಬೇಕೆಂಬ ಹುಕುಂ ಮಾತ್ರ ತಡವಾಗಲಿಲ್ಲ. ತರೀಕೆರೆಯಲ್ಲಿ ನಮ್ಮನ್ನೆಲ್ಲ ಸಭೆಗೆ ಕರೆದರು. ನಮ್ಮ ಮೇಲಧಿಕಾರಿ ಸಾಹೇಬರು ಪಟ್ಟಿ ನೋಡಿ, ನನ್ನ ವಲಯದ ಹಳ್ಳಿಗಳಿಗೆ ನಾಲ್ಕು ದಿನ ಎಂದರು. ನಾನು ಎದ್ದು ನಿಂತೆ.

“ಬಿಲ ಮುಚ್ಚಿ ನೋಡೋದಕ್ಕೇ ಎರಡು ದಿನ ಬೇಕು ಸಾರ್.”

“ಇಲಿ ಬಾಗ್ಲು ತೆಗೆಯೋವರ್ಗೂ ಕಾಯ್ಕೊಂಡು ಕೂತ್ಕೊಳೋಕಾಗುತ್ತೇನ್ರೀ? ಕೂಲಿಯೋರನ್ನ ಹಾಕಿ, ಬದು ಮೇಲೆ ಎರಚಿಸಿ. ಇಲಿಗೆ ಮೂಗಿಲ್ವಾ? ಹುಡುಕ್ಕೊಂಡು ತಿನ್ನುತ್ತೆ.”

ಸಭೆ ನಕ್ಕಿತು. ನಾನು ಕೂತೆ.

ನಾನು ಕೂತೆ ಎಂಬ ಈ ಎರಡು ಮಾತನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಯಾವ ಬದುವಿನ ಮೇಲೆ ಎರಚುತ್ತಾರೆ, ಅಲ್ಲಿ ಯಾವ ಹಕ್ಕಿ ಕಾವಿಗೆ ಕೂತಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅಂದು ಮಧ್ಯಾಹ್ನವೇ ಬಸ್ಸು ಹತ್ತಿ ಊರಿಗೆ ಸುದ್ದಿ ಮುಟ್ಟಿಸಬಹುದಿತ್ತು. ಆದರೆ ಯಾರೋ ದೊಡ್ಡವರು ಬರುವವರಿದ್ದಾರೆ, ನಿಮ್ಮ ಅಕ್ಷರ ಚೆನ್ನಾಗಿದೆ, ಚಾರ್ಟು ಬರೆಯಿರಿ ಎಂದು ನನ್ನನ್ನು ಎರಡು ದಿನ ಅಲ್ಲೇ ಉಳಿಸಿಕೊಂಡರು. ನನ್ನ ವಲಯಕ್ಕೆ ಇನ್ನೊಬ್ಬ ಸಹಾಯಕನನ್ನು ಕೂಲಿಯಾಳುಗಳೊಂದಿಗೆ ಕಳುಹಿಸಿದರು. ಅವನು ತಿಳಿದವನು, ಬಿಲಕ್ಕೇ ಹಾಕಿಸುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಸಿರು ಬಣ್ಣದಲ್ಲಿ ‘ಇಲಿ ರೈತನ ಶತ್ರು’ ಎಂದು ದುಂಡಗೆ ಬರೆದೆ. ಅದರ ಕೆಳಗೆ ಒಂದು ಇಲಿಯನ್ನೂ ಬರೆದೆ.

ಮೂರನೆಯ ದಿನ ಹಿರೇನಲ್ಲೂರಿನಲ್ಲಿ ಇಳಿದು ನಡೆದು ಹೋದೆ. ಊರ ಗಡಿಯ ಬಳಿ ಬಲೆಗಾರ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಪಂಜರ.

“ಬೆಳಗ್ಗೆಯಿಂದ ಕೂಗಿಸ್ತಿವ್ನಿ ಸ್ವಾಮಿ. ಒಂದೂ ಉತ್ರ ಕೊಡ್ತಿಲ್ಲ” ಎಂದ.

ಬದುವಿನುದ್ದಕ್ಕೂ ಮುರಿದ ಜೋಳದ ಕಾಳು ಕಪ್ಪಗೆ ಚೆಲ್ಲಿತ್ತು. ಪಾಷಾಣದ ಬೆಳ್ಳುಳ್ಳಿಯಂಥ ನಾತ ಬಿಸಿಲಿಗೆ ಏಳುತ್ತಿತ್ತು. ಇಲಿಯ ಬಿಲಗಳನ್ನು ಮುಚ್ಚಿದವರೂ ಇರಲಿಲ್ಲ, ಯಾವುದು ತೆರೆದಿದೆ ಎಂದು ನೋಡಿದವರೂ ಇರಲಿಲ್ಲ. ನಾವು ಬೆಳೆಸಿದ ಹುಲ್ಲಿನಲ್ಲಿ ಗೌಜಲಕ್ಕಿಗಳು ರೆಕ್ಕೆ ಅರ್ಧ ಬಿಚ್ಚಿ, ಕೊರಳು ಹಿಂದಕ್ಕೆ ತಿರುಚಿ ಬಿದ್ದಿದ್ದವು. ಬುರ್ಲಿ ಹಕ್ಕಿಗಳಿದ್ದವು, ಎರಡು ಕಾಗೆ, ಒಂದು ನಾಯಿ. ನಾವು ಹುಲ್ಲು ಬೆಳೆಸದೇ ಇದ್ದಿದ್ದರೆ ಅವು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಕರೆದು ಕೂರಿಸಿ ವಿಷ ಬಡಿಸಿದಂತಾಗಿತ್ತು.

ದೊಡ್ಡಮ್ಮ ಸತ್ತ ಹಕ್ಕಿಗಳನ್ನು ಮಂಕರಿಗೆ ಹಾಕಿಕೊಂಡು ಬರುತ್ತಿದ್ದರು. ಜನ್ಮದಲ್ಲಿ ಸತ್ತ ಹಕ್ಕಿಯನ್ನು ಮುಟ್ಟದ ಕೈ. ನನ್ನ ಮುಂದೆ ಮಂಕರಿ ಇಳಿಸಿದರು.

“ನಿಂಗೆ ಗೊತ್ತಿತ್ತಾ?”

ಇಲ್ಲ ಎನ್ನಲು ಬಾಯಿ ತೆರೆದೆ. “ಗೊತ್ತಿತ್ತಮ್ಮ” ಎಂದೆ.

“ಬೇಲಿ ಕಡೀರಿ ಅಂದೆ, ಕಡಿದ್ವಿ. ಬೆಳೆಸ್ರಿ ಅಂದೆ, ಬೆಳೆಸಿದ್ವಿ. ಬೆಂಕಿ ಇಟ್ಟೋನ್ಗೆ ಊರೆಲ್ಲ ಕೇಳೋ ಹಂಗೆ ಬೈದೆ. ನಿಂಗೆ ಯಾರು ಬೈಯ್ಬೇಕೋ?” ಅಲ್ಲಿಯವರೆಗೆ ಅವರು ನನ್ನನ್ನು ‘ಅಪ್ಪ’ ಎನ್ನದೆ ಮಾತಾಡಿದ್ದಿಲ್ಲ.

ಬೈಯಿಸಿಕೊಳ್ಳುತ್ತ ನಿಲ್ಲಲೂ ಸಮಯವಿರಲಿಲ್ಲ. ಕಾಳು ಇನ್ನೂ ಅಲ್ಲೇ ಬಿದ್ದಿತ್ತು, ಸಂಜೆಗೆ ದನ ಇದೇ ದಾರಿಯಲ್ಲಿ ಮರಳುತ್ತವೆ. ಯಾವ ಜಾಗದಲ್ಲಿ ಹಕ್ಕಿ ಮೇಯಲು ಇಳಿಯುತ್ತದೆಂದು ಬಲೆಗಾರ ತೋರಿಸಿದ. ಅಲ್ಲಿಂದಲೇ ಶುರು ಮಾಡಿದೆವು. ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗೋಣಿ ಸುತ್ತಿಕೊಂಡು, ತೆಂಗಿನ ಕಡ್ಡಿಯ ಪೊರಕೆಯಿಂದ ಗುಡಿಸಿ, ಮೇಲಿನ ಮಣ್ಣಿನ ಸಮೇತ ಮೊರಕ್ಕೆ ತುಂಬಿದೆವು. ಬಾವಿ, ಹಳ್ಳಗಳಿಂದ ದೂರ ಆಳುದ್ದ ಗುಂಡಿ ತೋಡಿ ಹೂತೆವು. ಒಂಬತ್ತು ಮನೆಯ ಜನ ಎರಡು ದಿನ ಬಗ್ಗಿದ ಬೆನ್ನು ಎತ್ತಲಿಲ್ಲ. ನನ್ನೊಡನೆ ಯಾರೂ ಮಾತಾಡಲಿಲ್ಲ. ಬೆಂಕಿ ಇಟ್ಟಿದ್ದ ಆ ರೈತ ಮಾತ್ರ ಒಮ್ಮೆ ಕುಡಿಯಲು ನೀರು ಕೊಟ್ಟ.

ಒಂದು ಪೊದೆಯ ಬುಡದಲ್ಲಿ ಹೆಣ್ಣು ಹಕ್ಕಿ ಮೊಟ್ಟೆಗಳ ಮೇಲೇ ಸತ್ತಿತ್ತು. ಬಲೆಗಾರ ಮೊಟ್ಟೆಯೊಂದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಒಳಗೆ ಕೆಂಪು ಎಳೆ ಇನ್ನೂ ಕಾಣುತ್ತಿತ್ತು. ಬೇಸಿಗೆಯ ಸೆಕೆ ಅದನ್ನು ಕಾಪಾಡಿತ್ತು. ಅಂಥ ಒಂಬತ್ತು ಮೊಟ್ಟೆ ಆರಿಸಿ, ಹತ್ತಿಯಲ್ಲಿ ಸುತ್ತಿ, ಒಬ್ಬರ ಮನೆಯ ಕಾವಿನ ಕೋಳಿಯ ಕೆಳಗೆ ಇಟ್ಟ. ನಾಲ್ಕು ಒಡೆದವು. ಆ ನಾಲ್ಕು ಮರಿಗಳಿಗಾಗಿ ಊರಿನ ಹೆಂಗಸರು ದಿನಾ ಹುತ್ತದ ಹೆಂಟೆ ಒಡೆದು ಗೆದ್ದಲು ತರುತ್ತಿದ್ದರು.

ವಾರದ ಮೇಲೆ ಮುಕ್ತಾಯ ವರದಿಯ ನಮೂನೆ ನನ್ನ ಮೇಜಿಗೆ ಬಂತು. ‘ವಿಷದ ಕಾಳನ್ನು ಬಿಲಗಳಲ್ಲಿ ಮಾತ್ರ ಇಡಲಾಗಿದೆ. ಇತರ ಪ್ರಾಣಿಪಕ್ಷಿಗಳಿಗೆ ಯಾವುದೇ ಹಾನಿ ಆಗಿರುವುದಿಲ್ಲ’ ಎಂದು ಮೊದಲೇ ಅಚ್ಚಾಗಿತ್ತು. ಕೆಳಗೆ ನನ್ನ ಸಹಿಗೆ ಜಾಗ. ನಾನು ಅದಕ್ಕೆ ಸಹಿ ಹಾಕದೆ, ಬಿಳಿ ಹಾಳೆಯಲ್ಲಿ ನಡೆದದ್ದನ್ನು ಬರೆದೆ. ಎಲ್ಲಿ ಎರಚಿದರು, ಎಷ್ಟು ಹಕ್ಕಿ ಸತ್ತವು, ಸಭೆಯಲ್ಲಿ ಯಾರು ಏನು ಹೇಳಿದರು, ಎಲ್ಲವೂ. ಒಂಬತ್ತು ಮನೆಯವರ ರುಜು ಬೇಕೆಂದು ಅದನ್ನು ಊರಿಗೆ ಕೊಂಡೊಯ್ದೆ. ಎಲ್ಲರ ಮುಂದೆ ಓದಿದೆ. ಓದಿ ಮುಗಿಸಿದಾಗ ಚೆನ್ನಾಗಿ ಬರೆದಿದ್ದೇನೆ ಅನ್ನಿಸಿತ್ತು.

ದೊಡ್ಡಮ್ಮ ಕೈ ಚಾಚಲಿಲ್ಲ.

“ಇದರಲ್ಲಿ ನೀನೆಲ್ಲಿದ್ದೀಯ?”

“ನಾನು ಬರೆದವನಮ್ಮ.”

“ಬರೆದೋನಲ್ಲ. ಗೊತ್ತಿದ್ದೂ ಹೇಳ್ದೇ ಇದ್ದೋನು. ಅದನ್ನ ಬರಿ. ಬರೀಲಿಲ್ಲ ಅಂದ್ರೆ ನನ್ನ ಹೆಬ್ಬೆಟ್ಟು ಸಿಗಲ್ಲ, ಬೇರೇರದ್ದೂ ಸಿಗಲ್ಲ.”

ಪೆನ್ನು ಹಿಡಿದು ಜಗಲಿಯ ಮೇಲೆ ಕೂತೆ. ಹಾಗೆ ಬರೆದರೆ ಸಾಹೇಬರು ಪಾರಾಗಿ ನಾನೇ ಸಿಕ್ಕಿಹಾಕಿಕೊಳ್ಳುತ್ತೇನೆಂದು ಗೊತ್ತಿತ್ತು. ನನ್ನ ಸಿಟ್ಟು ಅವರ ಮೇಲಿನದು. ಅದರ ತುದಿಯನ್ನು ನನ್ನ ಕಡೆಗೇ ತಿರುಗಿಸಲು ಈಕೆ ಯಾರು ಎಂದೂ ಅನ್ನಿಸಿತು. ಕೊನೆಗೆ ಬರೆದೆ: ‘ಕಾಳು ಎರಚುವ ವಿಷಯ ನನಗೆ ಎರಡು ದಿನ ಮೊದಲೇ ತಿಳಿದಿತ್ತು. ನಾನು ಗ್ರಾಮಸ್ಥರಿಗೆ ತಿಳಿಸಲಿಲ್ಲ. ಸಭೆಯಲ್ಲಿ ಒಂದು ಮಾತು ಆಡಿ ಕೂತುಕೊಂಡೆ.’ ಗಟ್ಟಿಯಾಗಿ ಓದಿದೆ. ಆಗ ಅವರು ಮಸಿಯ ಡಬ್ಬಿಗೆ ಹೆಬ್ಬೆಟ್ಟು ಒತ್ತಿದರು.

ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು.

“ಏನ್ರೀ ಇದು? ನಾಲ್ಕು ಹಕ್ಕಿ ಸತ್ತಿದ್ದಕ್ಕೆ ಇಷ್ಟು ದೊಡ್ಡ ಪುರಾಣ? ನಿಮ್ಮ ಅಕ್ಕತಂಗೀರೇನ್ರೀ ಅವು?”

“ನಾಲ್ಕಲ್ಲ ಸಾರ್. ಸಂಖ್ಯೆ ಬರೆದಿದ್ದೀನಿ.”

“ನಿಮ್ಮ ಕತ್ತಿಗೆ ನೀವೇ ಹಗ್ಗ ಹಾಕ್ಕೊಂಡಿದ್ದೀರಿ, ಗೊತ್ತಾಗ್ತಿದ್ಯಾ? ಹರಿದು ಹಾಕ್ತೀನಿ, ಈ ಫಾರಂಗೆ ಸಹಿ ಹಾಕಿ ಹೋಗಿ.”

“ಹರೀಬಹುದು ಸಾರ್. ಇನ್ನೊಂದು ಪ್ರತಿ ಊರಲ್ಲಿದೆ. ಅದಕ್ಕೂ ಒಂಬತ್ತು ರುಜು ಇದೆ.”

ನನಗೆ ಹೆದರಿಕೆಯೂ ಇತ್ತು, ಸುಳ್ಳೇಕೆ. ಆದರೆ ಅದಕ್ಕಿಂತ ಹೆಚ್ಚು ಕೋಪವಿತ್ತು. ಅವರು ಹರಿಯಲಿಲ್ಲ. ವಿಚಾರಣೆ ನಡೆಯಿತು. ವಿಚಾರಣೆಗೆ ಬಂದವರು ಬದು ನೋಡಲು ಜೀಪಿನಿಂದ ಇಳಿಯಲೂ ಇಲ್ಲ. ಕರ್ತವ್ಯಲೋಪವೆಂದು ನನಗೆ ಎಚ್ಚರಿಕೆಯ ಪತ್ರ ಕೊಟ್ಟು, ಅಜ್ಜಂಪುರದ ಕಡೆಗೆ ವರ್ಗ ಮಾಡಿದರು. ಸಾಹೇಬರಿಗೆ ಏನೂ ಆಗಲಿಲ್ಲ. ಮುಂದಿನ ವರ್ಷದ ಸುತ್ತೋಲೆಯಲ್ಲಿ ‘ಕಾಳನ್ನು ಯಾವುದೇ ಕಾರಣಕ್ಕೂ ಬಿಲದ ಹೊರಗೆ ಚೆಲ್ಲತಕ್ಕದ್ದಲ್ಲ’ ಎಂಬ ಒಂದು ಸಾಲು ಹೊಸದಾಗಿ ಸೇರಿತ್ತು. ಏಕೆ ಸೇರಿತು, ಎಲ್ಲಿಂದ ಬಂತು, ಯಾರೂ ಬರೆಯಲಿಲ್ಲ. ಅದನ್ನು ಓದಿದ ದಿನ ನಾನು ಸಮಾಧಾನಪಡಬೇಕಿತ್ತೇನೋ. ಪಡಲಿಲ್ಲ. ಒಂದು ಸಾಲಿಗೆ ಅಷ್ಟು ಹಕ್ಕಿ ಬೇಕಾಯಿತಲ್ಲ ಎಂದು ಮೈ ಉರಿಯಿತು. ಈಗಲೂ ಉರಿಯುತ್ತದೆ.

ಎರಡು ವರ್ಷ ಆ ಊರಿಗೆ ಹೋಗಲು ನನಗೆ ಮುಖವಿರಲಿಲ್ಲ. ಮೂರನೆಯ ಬೇಸಿಗೆಯಲ್ಲಿ ಕಡೂರಿಗೆ ಬಂದವನು ಹೋಗಿಬಿಡೋಣ ಎಂದು ಹಿರೇನಲ್ಲೂರಿನ ಬಸ್ಸು ಹತ್ತಿದೆ. ಬದುಗಳು ದೂರದಿಂದಲೇ ಕಂಡವು. ಕಾರೆ ಆಳೆತ್ತರ ಎದ್ದಿತ್ತು, ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಹೊಲದ ದಾರಿಗೆ ಅಡ್ಡಲಾಗಿ ಒಂದು ಬಿದಿರಿನ ಗಳು ಕಟ್ಟಿತ್ತು. ಅದರಾಚೆ ಬೇವಿನ ನೆರಳಿನಲ್ಲಿ ದೊಡ್ಡಮ್ಮ ಕೂತಿದ್ದರು. ನನ್ನನ್ನು ಗುರುತಿಸಿದರು. ಎದ್ದು ಬಂದರು, ಆದರೆ ಗಳುವಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

“ಚೆನ್ನಾಗಿದ್ದೀಯಾ?”

“ಇದ್ದೀನಮ್ಮ.”

“ಚೀಲದಲ್ಲಿ ಏನೈತೆ?”

ನನಗೆ ಅರ್ಥವಾಗಲಿಲ್ಲ. ಅವರು ಮತ್ತೆ ಹೇಳಿದರು, ದನಿಯಲ್ಲಿ ಮುನಿಸೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. “ಆಫೀಸಿನೋರು ಯಾರೇ ಬಂದ್ರೂ ಚೀಲ ನೋಡಿ ಬಿಡ್ಬೇಕು ಅಂತ ಒಂಬತ್ತು ಮನೆಯೋರೂ ಮಾತಾಡ್ಕೊಂಡಿದ್ದೀವಿ. ಬಿಚ್ಚಪ್ಪ.”

ಬಿಸಿಲಿನಲ್ಲಿ ನಿಂತು ಚೀಲ ಬಿಚ್ಚಿದೆ. ಒಂದು ಟವೆಲ್, ಡೈರಿ, ಅವರ ಮನೆಗೆಂದು ತಂದಿದ್ದ ಬಾಳೆಹಣ್ಣು. ಅವರು ಟವೆಲ್ ಕೊಡವಿ ನೋಡಿದರು. ಡೈರಿಯ ಹಾಳೆಗಳನ್ನು ಅಲ್ಲಾಡಿಸಿದರು. ಬಾಳೆಹಣ್ಣಿನ ಕೆಳಗೆ ಕೈ ಹಾಕಿ, ಚೀಲದ ತಳವನ್ನು ಮೂಲೆಯಿಂದ ಮೂಲೆಗೆ ತಡವಿದರು. ಅವಸರ ಮಾಡಲಿಲ್ಲ. ಆಮೇಲೆ ಗಳು ಸರಿಸಿದರು.